ನೆತ್ತಿಯ ಮೇಲಣ ಪೆಟ್ಟಿಗೆ

ಯಾತ್ರೆಯೆಂಬುದು ನಮ್ಮ ಜನಜೀವನದಲ್ಲಿ ಬಹು ಹಿಂದಿನಿಂದ ಬೇರೂರಿದ ಸಂಸ್ಕಾರ. ಕೂಡಲಸಂಗಮ, ಬಸವಕಲ್ಯಾಣ, ಉಳವಿ, ಶ್ರೀಶೈಲ ಎಂಬ ಹೆಸರುಗಳನ್ನು ಕೇಳಿದೊಡನೆ ಮನೆಮಂದಿಯ ಮನಸ್ಸು ಅರಳುತ್ತದೆ. ಹೊರಡುವ ದಿನ ನಿಶ್ಚಯವಾದ ಕೂಡಲೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಯಾರು ಯಾರು ಹೊರಡಬೇಕು ಎಂಬುದು ಒಂದು. ಏನೇನು ಒಯ್ಯಬೇಕು ಎಂಬುದು ಮತ್ತೊಂದು. ಇವೆರಡರಲ್ಲಿ ಮೊದಲನೆಯದೇ ಹಿರಿದಾದುದು. ಆದರೆ ಮನೆಮನೆಯಲ್ಲಿಯೂ ಕಾರು ಬಂದಿರುವ ಈ ದಿನಗಳಲ್ಲಿ ಎರಡನೆಯ ಪ್ರಶ್ನೆಯೇ ಮೊದಲನೆಯದಕ್ಕೆ ಉತ್ತರ ಹೇಳತೊಡಗಿದೆ. ಗಂಟುಮೂಟೆಗಳಿಗೆ ಸ್ಥಳ ಮಾಡಿಕೊಟ್ಟು ಉಳಿದ ಸ್ಥಳದಲ್ಲಿ ಮನುಷ್ಯರು ಕೂಡ್ರುವಂತಾಗಿದೆ. ವಾಚಕರು ತಮ್ಮ ಮನೆಯ ಕಳೆದ ಪ್ರವಾಸವನ್ನೊಮ್ಮೆ ನೆನೆದು ನೋಡಿದರೆ ಈ ಮಾತಿನ ನಿಜ ತಾನಾಗಿ ಹೊಳೆದೀತು.

ಈ ಲೇಖನದ ವಸ್ತು ಒಂದು ಸಾಮಾನ್ಯ ಉಪಕರಣ: ಕಾರಿನ ಟಾಪಿನ ಮೇಲೆ ಕೂಡ್ರಿಸುವ, ಮುಚ್ಚಳವುಳ್ಳ ಸಾಮಾನಿನ ಪೆಟ್ಟಿಗೆ. ಧರ್ಮ, ಸಾಹಿತ್ಯಗಳ ವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಇಂತಹ ಲೌಕಿಕ ಪದಾರ್ಥಕ್ಕೇನು ಕೆಲಸವೆಂದು ಯಾರಾದರೂ ಕೇಳಬಹುದು. ಶರಣರು ತಕ್ಕಡಿ, ಹುಟ್ಟು, ದೋಣಿ, ನೂಲು, ಮಗ್ಗ ಇವುಗಳನ್ನೆಲ್ಲ ಆಧ್ಯಾತ್ಮಕ್ಕೆ ದೂರವಾದವೆಂದು ಬಗೆಯಲಿಲ್ಲ. ದಿನನಿತ್ಯ ಕೈಯಲ್ಲಿ ಹಿಡಿಯುವ ವಸ್ತುವಿನಲ್ಲಿಯೇ ಅವರು ನಡೆಯ ಪಾಠವನ್ನು ಕಂಡರು. ಆ ಧೈರ್ಯದಿಂದಲೇ ಈ ಪೆಟ್ಟಿಗೆಯನ್ನು ತಮ್ಮ ಮುಂದೆ ತೆರೆದಿಡುತ್ತಿದ್ದೇನೆ.

ವಾಹನದ ನೆತ್ತಿಯ ಮೇಲೆ ಸಾಮಾನು ಹೇರುವುದು ನಮಗೆ ಹೊಸತಲ್ಲ. 1961ರಲ್ಲಿ ರಾಜ್ಯದ ರಸ್ತೆ ಸಾರಿಗೆ ನಿಗಮ ಸ್ಥಾಪಿತವಾದ ಮೇಲೂ ಎಷ್ಟೋ ವರ್ಷಗಳವರೆಗೆ ಬಸ್ಸುಗಳ ಹಿಂದೆ ಕಬ್ಬಿಣದ ಏಣಿಯೂ ಮೇಲೆ ಸರಳುಗಳ ಕಟಾಂಜನವೂ ಇರುತ್ತಿದ್ದವು. ಶ್ರೀಮಠದ ಪ್ರಸಾದ ನಿಲಯದಲ್ಲಿ ಓದಿದ ಹಿರಿಯರಿಗೆ ಆ ನೋಟ ಮರೆಯುವಂತಹುದಲ್ಲ. ಜೂನ್ ತಿಂಗಳಲ್ಲಿ ಹಳ್ಳಿಯಿಂದ ಬರುವ ಹುಡುಗನಿಗೆ ಒಂದು ತಗಡಿನ ಟ್ರಂಕು, ಒಂದು ಹಾಸಿಗೆಯ ಸುರುಳಿ, ಒಂದು ರೊಟ್ಟಿಯ ಗಂಟು. ಟ್ರಂಕು ಹಮಾಲನ ತಲೆಯ ಮೇಲಿಂದ ಬಸ್ಸಿನ ತಲೆಗೆ ಏರುತ್ತಿತ್ತು. ರೊಟ್ಟಿಯ ಗಂಟು ಹುಡುಗನ ತೊಡೆಯ ಮೇಲೆಯೇ ಉಳಿಯುತ್ತಿತ್ತು. ಆಮೇಲೆ ಬಂದ ಬಾಡಿಗೆಯ ಅಂಬಾಸಿಡರ್ ಕಾರುಗಳ ಮೇಲೆಯೂ ಕ್ಯಾರಿಯರ್ ಇರುತ್ತಿತ್ತು. ಮದುವೆಯ ದಿಬ್ಬಣವೇ ಇರಲಿ, ದೇವರ ಯಾತ್ರೆಯೇ ಇರಲಿ, ಹಾಸಿಗೆ, ಪಾತ್ರೆ, ಬುಟ್ಟಿಗಳನ್ನು ಮೇಲೇರಿಸಿ ತಾಡಪತ್ರಿ ಹೊದಿಸಿ ಹಗ್ಗದಿಂದ ಬಿಗಿಯುತ್ತಿದ್ದರು. ಆ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಅದರ ಜಾಗದಲ್ಲಿ ಬಂದ ಹೊಸ ಕಾರುಗಳು ನೋಡಲು ನುಣುಪು, ಓಡಲು ವೇಗ. ಆದರೆ ಅವುಗಳ ನೆತ್ತಿ ಬರಿದಾಯಿತು. ಸಾಮಾನು ಒಳಗೆ ಇಳಿಯಿತು. ಅದು ಒಳಗಿಳಿದಾಗ ಹೊರಗುಳಿದವರು ಯಾರು ಎಂಬುದೇ ವಿಚಾರಿಸತಕ್ಕ ಸಂಗತಿ.

ಏಳು ಜನ ಕೂಡ್ರಬಹುದೆಂದು ಹೇಳಿ ಮಾರುವ ಕಾರುಗಳನ್ನು ತಾವು ನೋಡಿಯೇ ಇದ್ದೀರಿ. ಅವುಗಳಲ್ಲಿ ಕೊನೆಯ ಸಾಲಿನ ಆಸನವನ್ನು ಬಿಚ್ಚಿ ನಿಲ್ಲಿಸಿದರೆ ಅದರ ಹಿಂದೆ ಎರಡು ಮೂರು ಚೀಲಗಳಿಗೆ ಮಾತ್ರ ಸ್ಥಳ ಉಳಿಯುತ್ತದೆ. ನಾಲ್ಕು ದಿನದ ಪ್ರವಾಸಕ್ಕೆ ಏಳು ಜನರ ಬಟ್ಟೆಬರೆ ಅಷ್ಟರಲ್ಲಿ ಹಿಡಿಯುವುದಿಲ್ಲ. ಆದುದರಿಂದ ಮನೆಯವರು ಕೊನೆಯ ಸಾಲನ್ನು ಮಡಚಿ ಅಲ್ಲಿ ಸಾಮಾನು ತುಂಬುತ್ತಾರೆ. ಏಳು ಜನರ ಕಾರು ಐದು ಜನರದಾಗುತ್ತದೆ. ಇಬ್ಬರು ಹಿಂದುಳಿಯಬೇಕು. ಆ ಇಬ್ಬರು ಯಾರೆಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅವಶ್ಯಕತೆಯೂ ಬೀಳುವುದಿಲ್ಲ. ಮನೆಯಲ್ಲಿ ವಯಸ್ಸಾದವರು ತಾವೇ ಅರಿತುಕೊಂಡು ಹಿಂದೆ ಸರಿಯುತ್ತಾರೆ.

ನಮ್ಮ ಮನೆಯಲ್ಲಿಯೂ ಅವ್ವ ಹೀಗೆಯೇ ನುಡಿದಳು. "ನನಗ ಮೊಣಕಾಲು ನೋವು, ನೀವು ಹೋಗಿ ಬರ್ರಿ, ನಾ ಮನಿ ಕಾಯ್ತೀನಿ" ಎಂದಳು. ಆಕೆಗೆ ಎಂಬತ್ತು ದಾಟಿದೆ; ಮೊಣಕಾಲಿನ ನೋವು ಸುಳ್ಳಲ್ಲ. ಆದರೆ ಆ ನೋವು ಇದ್ದಾಗಲೂ ಪ್ರತಿ ಸೋಮವಾರ ಗುಡಿಗೆ ನಡೆದುಹೋಗುವವಳು ಆಕೆ. ಈ ಮಾತಿನ ಒಳಗಿನ ಅರ್ಥವನ್ನು ಮೊದಲು ಗ್ರಹಿಸಿದವಳು ನನ್ನ ಹೆಂಡತಿ. "ಅತ್ತಿ ಕಾಲಿನ ಸಲುವಾಗಿ ಬ್ಯಾಡ ಅನ್ನಾಕತ್ತಿಲ್ಲ, ಚೀಲದ ಸಲುವಾಗಿ ಅನ್ನಾಕತ್ತಾರ" ಎಂದು ಆಕೆ ನನಗೆ ತಿಳಿಸಿದಳು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತಮ್ಮನ ಮಗನು ತನ್ನ ಕಾರಿಗೆಂದು ಕೊಂಡಿದ್ದ ಪೆಟ್ಟಿಗೆಯನ್ನು ತಂದು ನಮ್ಮ ಅಂಗಳದಲ್ಲಿ ಇಳಿಸಿದ್ದು ಈ ಕಾರಣಕ್ಕಾಗಿ. ಸಾಮಾನು ಮೇಲಕ್ಕೆ ಹೋದರೆ ಅಜ್ಜಿ ಒಳಗೆ ಬರುತ್ತಾಳೆ ಎಂಬುದು ಅವನ ಸರಳ ಲೆಕ್ಕ.

ಪೆಟ್ಟಿಗೆಯ ಸ್ವರೂಪವನ್ನು ಕಾಣದವರಿಗಾಗಿ ಸ್ವಲ್ಪ ವಿವರಿಸುವೆ. ಇದು ಗಟ್ಟಿಯಾದ ಪ್ಲಾಸ್ಟಿಕ್ಕಿನಿಂದ ಮಾಡಿದ್ದು. ಮುಂಭಾಗ ದೋಣಿಯ ಮೂತಿಯಂತೆ ಚೂಪಾಗಿದ್ದು ಗಾಳಿಯನ್ನು ಸೀಳುವಂತಿರುತ್ತದೆ. ಸುಮಾರು 300 ಲೀಟರಿನಿಂದ 600 ಲೀಟರಿನವರೆಗೆ ಹಿಡಿಯುವ ಬೇರೆ ಬೇರೆ ಅಳತೆಗಳಲ್ಲಿ ದೊರೆಯುತ್ತದೆ. ಇದನ್ನು ಕಾರಿನ ತಗಡಿನ ಮೇಲೆ ನೇರವಾಗಿ ಇಡಲಾಗದು. ಟಾಪಿನ ಮೇಲೆ ಎಡದಿಂದ ಬಲಕ್ಕೆ ಎರಡು ಅಡ್ಡಪಟ್ಟಿಗಳನ್ನು ಮೊದಲು ಭದ್ರಪಡಿಸಿ, ಆ ಪಟ್ಟಿಗಳಿಗೆ ಪೆಟ್ಟಿಗೆಯ ತಳದ ಹಿಡಿಕೆಗಳನ್ನು ತಿರುಪಿನಿಂದ ಬಿಗಿಯಬೇಕು. ಒಳಗೆ ಸಾಮಾನು ಕದಲದಂತೆ ಕಟ್ಟಲು ಪಟ್ಟಿಗಳಿರುತ್ತವೆ. ಒಳ್ಳೆಯ ಪೆಟ್ಟಿಗೆಗಳಲ್ಲಿ ಮುಚ್ಚಳ ಸರಿಯಾಗಿ ಕೂತು ಬೀಗ ಬಿದ್ದ ಹೊರತು ಕೀಲಿಕೈ ಹೊರಗೆ ಬಾರದು. ಈ ಬಗೆಯ ಉಪಕರಣಗಳಿಗೆ ಹೆಸರಾದ ಸ್ವೀಡನ್ ದೇಶದ ಥೂಲೆ ಕಂಪನಿ 1942ರಲ್ಲಿ ಪ್ರಾರಂಭವಾದುದು. ಚಳಿದೇಶದ ಜನರು ಹಿಮದ ಮೇಲೆ ಜಾರುವ ಉದ್ದನೆಯ ಹಲಗೆಗಳನ್ನು ಒಯ್ಯಲು ಬಳಸುವ ಈ ಪೆಟ್ಟಿಗೆ, ನಮ್ಮಲ್ಲಿ ಬಂದು ಅಜ್ಜಿಯ ಆಸನವನ್ನು ಬಿಡಿಸಿಕೊಡುವ ಸಾಧನವಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೆಲವು ಕಾರುಗಳ ಟಾಪಿನ ಮೇಲೆ ಉದ್ದಕ್ಕೆ ಎರಡು ಸರಳುಗಳು ಕಾಣುತ್ತವೆ. ಅವೆಲ್ಲ ಭಾರ ಹೊರುವ ಸರಳುಗಳೆಂದು ತಿಳಿಯಬಾರದು. ಎಷ್ಟೋ ಕಾರುಗಳಲ್ಲಿ ಅವು ಕೇವಲ ಅಲಂಕಾರಕ್ಕೆ ಅಂಟಿಸಿದವು. ಭಾರವನ್ನು ತಾಳುತ್ತವೆಯೋ ಇಲ್ಲವೋ ಎಂಬುದನ್ನು ಕಾರಿನೊಡನೆ ಬರುವ ಕೈಪಿಡಿಯಲ್ಲಿ ಓದಿಯೇ ನಿರ್ಧರಿಸಬೇಕು. ಕೈಪಿಡಿಯಲ್ಲಿ ಟಾಪಿನ ಭಾರದ ಮಿತಿಯನ್ನೂ ಕೊಟ್ಟಿರುತ್ತಾರೆ. ಅನೇಕ ಕಾರುಗಳಿಗೆ ಇದು 50 ಕಿಲೋದಿಂದ 75 ಕಿಲೋದವರೆಗೆ ಇರುತ್ತದೆ. ಈ ಮಿತಿಯಲ್ಲಿ ಅಡ್ಡಪಟ್ಟಿಗಳ ತೂಕವೂ ಪೆಟ್ಟಿಗೆಯ ತೂಕವೂ ಸೇರಿವೆ ಎಂಬುದನ್ನು ಬಹುಜನರು ಮರೆಯುತ್ತಾರೆ. 75 ಕಿಲೋ ಮಿತಿಯ ಕಾರಿನ ಮೇಲೆ 5 ಕಿಲೋ ಪಟ್ಟಿಗಳು, 18 ಕಿಲೋ ಪೆಟ್ಟಿಗೆ ಕೂತರೆ ಸಾಮಾನಿಗೆ ಉಳಿಯುವುದು 52 ಕಿಲೋ ಮಾತ್ರ. ಮಿತಿ 50 ಕಿಲೋ ಇದ್ದರೆ ಉಳಿಯುವುದು ಕೇವಲ 27 ಕಿಲೋ. ಮೂರು ಬಟ್ಟೆಯ ಚೀಲಗಳಿಗೆ ಅದು ಮುಗಿಯಿತು.

ವಾಚಕರು ಈ ಲೆಕ್ಕವನ್ನು ಸಣ್ಣದೆಂದು ಬಗೆಯಬಾರದು. ಪೆಟ್ಟಿಗೆಯನ್ನು ಲೀಟರಿನಲ್ಲಿ ಮಾರುತ್ತಾರೆ; ಕಾರು ಕಿಲೋದಲ್ಲಿ ಹೊರುತ್ತದೆ. 400 ಲೀಟರಿನ ಪೆಟ್ಟಿಗೆಯನ್ನು ತೆರೆದು ನೋಡಿದರೆ ಇನ್ನೂ ಹಿಡಿಯುತ್ತದೆ, ಇನ್ನೂ ಹಿಡಿಯುತ್ತದೆ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಅದರ ಅರ್ಧದಷ್ಟು ಸ್ಥಳದಲ್ಲಿ ಪುಸ್ತಕಗಳನ್ನೋ ಧಾನ್ಯವನ್ನೋ ತುಂಬಿದರೂ ಟಾಪಿನ ಮಿತಿ ಎರಡು ಮೂರು ಪಟ್ಟು ಮೀರಿಹೋಗುವುದು. ಸ್ಥಳವಿದೆ ಎಂಬ ಮಾತ್ರಕ್ಕೆ ತುಂಬಲು ಅಪ್ಪಣೆಯಿದೆ ಎಂದಲ್ಲ. ಹಿಡಿಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಪೆಟ್ಟಿಗೆಗೆ ಸಂಬಂಧಿಸಿದ ಈ ಮಾತು ಮನುಷ್ಯನ ಸಂಗ್ರಹಬುದ್ಧಿಗೂ ಅಷ್ಟೇ ಸಲ್ಲುತ್ತದೆ.

ಅಂಗಳದಲ್ಲಿ ನಾವು ಪೆಟ್ಟಿಗೆ ತುಂಬುತ್ತಿದ್ದಾಗ ಅವ್ವ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಹುಡುಗರು ಭಾರವಾದ ಚೀಲಗಳನ್ನು ಕೈಗೆ ಅನುಕೂಲವಾದ ಹಿಂಭಾಗದಲ್ಲಿಯೇ ಇಡುತ್ತ ಬಂದರು. ಆಕೆ ತಡೆದಳು. "ಭಾರ ಅಚ್ಚಿನ ಮ್ಯಾಲ ಇರಬೇಕ್ರೋ ತಮ್ಮಾ, ಹಿಂದ ಹೇರಿದ್ರ ಮೂಕಿ ಏಳತದ" ಎಂದಳು. ತನ್ನ ತರುಣ ವಯಸ್ಸಿನಲ್ಲಿ ಮಾಘಮಾಸದ ಉಳವಿ ಜಾತ್ರೆಗೆ ಚಕ್ಕಡಿಯಲ್ಲಿ ಹೋಗಿ ಬಂದವಳು ಆಕೆ. ಎರಡು ಗಾಲಿಯ ಬಂಡಿಯಲ್ಲಿ ಭಾರ ಹಿಂದಕ್ಕೆ ಸರಿದರೆ ಮೂಕಿ ಮೇಲೆದ್ದು ನೊಗವು ಎತ್ತುಗಳ ಕೊರಳನ್ನು ಎಳೆಯುತ್ತದೆ. ಮುಂದಕ್ಕೆ ಸರಿದರೆ ಹೆಗಲನ್ನು ಅಮುಕುತ್ತದೆ. ಆದುದರಿಂದ ಭಾರವು ಅಚ್ಚಿನ ಮೇಲೆಯೇ ಕೂಡ್ರಬೇಕು. ಪೆಟ್ಟಿಗೆಯೊಡನೆ ಬಂದ ತಿಳಿವಳಿಕೆಯ ಹಾಳೆಯಲ್ಲಿಯೂ ಅದೇ ಮಾತಿತ್ತು: ಭಾರವಾದುದನ್ನು ಎರಡು ಅಡ್ಡಪಟ್ಟಿಗಳ ನಡುವೆ ಇಡಿರಿ, ಹಗುರವಾದುದನ್ನು ಮುಂದೆಯೂ ಹಿಂದೆಯೂ ಇಡಿರಿ. ಸ್ವೀಡನ್ನಿನ ಯಂತ್ರಜ್ಞರೂ ನಮ್ಮ ಬಂಡಿ ಹೂಡುವವರೂ ಒಂದೇ ನಿಯಮವನ್ನು ಬೇರೆ ಬೇರೆ ಶಾಲೆಗಳಲ್ಲಿ ಕಲಿತಿದ್ದರು.

ಅವ್ವ ಮತ್ತೊಂದು ಪ್ರಶ್ನೆ ಕೇಳಿದಳು. "ಎತ್ತಿಗಿ ಭಾರ ಆದ್ರ ಅದು ನಿಂತ ಬಿಡತದ. ಈ ಗಾಡಿ ಹೆಂಗ ಹೇಳತದ?" ಎಂದಳು. ಈ ಪ್ರಶ್ನೆ ಬಹಳ ಆಳವಾದುದೆಂದು ನನಗೆ ತೋರುತ್ತದೆ. ಎತ್ತು ಏದುಸಿರು ಬಿಡುತ್ತದೆ, ನೊರೆ ಕಾರುತ್ತದೆ, ಏರಿನಲ್ಲಿ ಕಾಲೂರಿ ನಿಲ್ಲುತ್ತದೆ. ಯಜಮಾನನು ಇಳಿದು ನಡೆಯುತ್ತಾನೆ. ಯಂತ್ರವು ಇದಾವುದನ್ನೂ ಮಾಡದು. ಮಿತಿಗಿಂತ ಹೆಚ್ಚು ಹೊತ್ತಾಗಲೂ ಅದು ಮೊದಲಿನಂತೆಯೇ ಗುರುಗುಟ್ಟುತ್ತ ಓಡುತ್ತದೆ. ಅದರ ಏದುಸಿರು ಕಾಣಿಸಿಕೊಳ್ಳುವುದು ತಿರುವಿನಲ್ಲಿ ವಾಲಿದಾಗ, ಬ್ರೇಕು ಒತ್ತಿದರೂ ಒಂದಿಷ್ಟು ಮುಂದೆ ಹೋಗಿ ನಿಂತಾಗ, ಪಕ್ಕದ ಗಾಳಿಗೆ ಚಕ್ರ ಕೈಯಲ್ಲಿ ನಡುಗಿದಾಗ. ಅಷ್ಟರಲ್ಲಿ ವೇಳೆ ಮೀರಿರಬಹುದು. ಮೂಕವಾದ ಯಂತ್ರದ ಪರವಾಗಿ ಮಾತನಾಡಲು ಕೈಪಿಡಿಯೂ ತಕ್ಕಡಿಯೂ ಇವೆ. ನಮ್ಮ ಮನೆಯಲ್ಲಿ ಕಾಳು ತೂಗುವ ತಕ್ಕಡಿಗೆ ಪ್ರತಿಯೊಂದು ಚೀಲವನ್ನೂ ತೂಗುಹಾಕಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಬರೆದೆವು. ಈ ಕೆಲಸಕ್ಕೆ ಅರ್ಧ ತಾಸು ಸಾಕಾಯಿತು.

ಹಾಗಾದರೆ ಯಾವುದು ಮೇಲೆ, ಯಾವುದು ಒಳಗೆ? ಅನುಭವದಿಂದ ಕಂಡುಕೊಂಡ ಕ್ರಮವನ್ನು ನಿವೇದಿಸುತ್ತೇನೆ. ಹಗುರವಾಗಿದ್ದು ಹೆಚ್ಚು ಸ್ಥಳ ತಿನ್ನುವ ಸಾಮಾನುಗಳು ಪೆಟ್ಟಿಗೆಗೆ ಸೇರತಕ್ಕವು: ಹೊದಿಕೆಗಳು, ದಿಂಬುಗಳು, ಬಟ್ಟೆಯ ಚೀಲಗಳು, ಚಾಪೆ, ಮಕ್ಕಳ ಆಟಿಗೆಗಳು, ಮಡಚುವ ಕುರ್ಚಿ, ವೃದ್ಧರು ಹಿಡಿದು ನಡೆಯುವ ವಾಕರ್. ಭಾರವಾದ ಸಾಮಾನುಗಳು ಕಾರಿನ ಒಳಗೆ ಕೆಳಗಡೆ ಇರತಕ್ಕವು: ನೀರಿನ ಕ್ಯಾನು, ಪಾತ್ರೆಗಳು, ಕಾಳುಕಡಿ. ಶ್ರೀಮಠದ ದಾಸೋಹಕ್ಕೆಂದು ನಾವು ಅರ್ಧ ಚೀಲ ಜೋಳವನ್ನು ಒಯ್ಯುತ್ತಿದ್ದೆವು; ಅದು ಡಿಕ್ಕಿಯ ತಳದಲ್ಲಿ ಕೂತಿತು. ಬುತ್ತಿಯನ್ನು ಮೇಲಿಡಬಾರದು. ನಮ್ಮ ಕಡೆಯ ಬಿಸಿಲಿನಲ್ಲಿ ಮುಚ್ಚಿದ ಪೆಟ್ಟಿಗೆ ಒಲೆಯಂತೆ ಕಾಯುತ್ತದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ತಾಳಿಯಾವು. ಮೊಸರು, ತುಪ್ಪ ತಾಳಲಾರವು. ಔಷಧಗಳನ್ನಂತೂ, ಅದರಲ್ಲಿಯೂ ಸಕ್ಕರೆ ಕಾಯಿಲೆಯವರ ಇನ್ಸುಲಿನ್ನನ್ನು, ಎಂದಿಗೂ ಮೇಲಿಡಕೂಡದು. ಪೂಜೆಯ ಬಟ್ಟಲು, ವಿಭೂತಿಗಟ್ಟಿ, ಮಡಿಬಟ್ಟೆಗಳ ಚಿಕ್ಕ ಚೀಲ ಹಿರಿಯರ ಕೈಗೆ ಎಟುಕುವಂತೆ ಒಳಗೇ ಇರಬೇಕು. ಹೊತ್ತಿಗೆ ಸರಿಯಾಗಿ ಎಲ್ಲಿ ನಿಂತರೂ ಪೂಜೆ ನಡೆಯುವಂತಿರಬೇಕು. ಮೇಲೆ ಹೋದುದು ರಾತ್ರಿ ತಂಗುವ ಊರಿನವರೆಗೆ ಕೆಳಗಿಳಿಯದು ಎಂದು ತಿಳಿದು ತುಂಬಿದರೆ ದಾರಿಯಲ್ಲಿ ತೊಂದರೆಯಿಲ್ಲ.

ಸಾಮಾನು ಮೇಲೇರುವುದರಿಂದ ಮತ್ತೊಂದು ಲಾಭವಿದೆ. ಆಸನಗಳ ಹಿಂದೆ ಗಾಜಿನ ಎತ್ತರಕ್ಕೆ ಒಟ್ಟಿದ ಚೀಲಗಳು ಚಾಲಕನಿಗೆ ಹಿಂದಿನ ದಾರಿಯನ್ನು ಮರೆಮಾಡುತ್ತವೆ. ಹಠಾತ್ತನೆ ಬ್ರೇಕು ಹಾಕಿದಾಗ ಕಟ್ಟದೆ ಬಿಟ್ಟ ಚೀಲವು ಮುಂದಕ್ಕೆ ಹಾರಿ ಕುಳಿತವರ ತಲೆಗೆ ಬಡಿಯುತ್ತದೆ. ಡಿಕ್ಕಿಯಾದ ಪ್ರಸಂಗದಲ್ಲಿ ಅದರ ಹೊಡೆತ ಅದರ ತೂಕದ ಹಲವು ಪಟ್ಟು ಆಗುತ್ತದೆ. ಎಲ್ಲರಿಗೂ ಆಸನ, ಪ್ರತಿ ಆಸನಕ್ಕೂ ಸುರಕ್ಷಾ ಪಟ್ಟಿ, ಯಾರ ತೊಡೆಯ ಮೇಲೆಯೂ ಗಂಟಿಲ್ಲ ಎಂಬ ಸ್ಥಿತಿ ಸುಖಕ್ಕಾಗಿ ಮಾತ್ರವಲ್ಲ, ಜೀವರಕ್ಷಣೆಗೂ ಬೇಕಾದುದು.

ಆದರೆ ಲಾಭವನ್ನು ಹೇಳಿದವನು ನಷ್ಟವನ್ನೂ ಹೇಳಬೇಕು. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಪ್ರತಿರೋಧ 100ಕ್ಕೆ ಹೋದಾಗ ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ನೆತ್ತಿಯ ಮೇಲೆ ಪೆಟ್ಟಿಗೆಯಿದ್ದರೆ ಗಾಳಿಗೆ ಎದುರಾಗುವ ಮೈ ಮತ್ತಷ್ಟು ದೊಡ್ಡದಾಗುತ್ತದೆ. ಅಮೆರಿಕ ಸರಕಾರವು ವಾಹನಿಗರಿಗಾಗಿ ನೀಡಿರುವ ಇಂಧನ ತಿಳಿವಳಿಕೆಯಂತೆ, ದೊಡ್ಡದಾದ ಮೊಂಡುಮೂತಿಯ ಪೆಟ್ಟಿಗೆಯಿಂದ ಒಂದು ಲೀಟರಿಗೆ ದೊರೆಯುವ ಓಟವು ನಗರದಲ್ಲಿ ಶೇಕಡ 2ರಿಂದ 8, ಹೆದ್ದಾರಿಯಲ್ಲಿ ಶೇಕಡ 6ರಿಂದ 17, ಗಂಟೆಗೆ 105ರಿಂದ 120 ಕಿಲೋಮೀಟರ್ ವೇಗದಲ್ಲಿ ಶೇಕಡ 10ರಿಂದ 25ರಷ್ಟು ಕಡಿಮೆಯಾಗುತ್ತದೆ. ಎಂದರೆ ಪೆಟ್ಟಿಗೆಯುಳ್ಳವನಿಗೆ ನಿಧಾನವೇ ಉಳಿತಾಯ. 80ರ ವೇಗದಲ್ಲಿ ಹೋಗುವವನ ಖರ್ಚೂ ಕಡಿಮೆ, ಅಪಾಯವೂ ಕಡಿಮೆ. ಪ್ರವಾಸ ಮುಗಿದ ಮೇಲೆ ಪೆಟ್ಟಿಗೆಯನ್ನು ಇಳಿಸಿಬಿಡಬೇಕು. ಬರಿದಾದ ಪೆಟ್ಟಿಗೆಯನ್ನು ವರ್ಷವಿಡೀ ಹೊತ್ತು ತಿರುಗುವ ಕಾರು, ಮುಗಿದುಹೋದ ಕಾರ್ಯದ ದೊಡ್ಡಸ್ತಿಕೆಯನ್ನು ಹೊತ್ತು ತಿರುಗುವ ಮನುಷ್ಯನಂತೆ ವ್ಯರ್ಥವಾಗಿ ಶಕ್ತಿಯನ್ನು ವ್ಯಯಿಸುತ್ತದೆ.

ದಾರಿಯ ಸ್ವಭಾವವನ್ನೂ ಗಮನಿಸಬೇಕು. ಧಾರವಾಡದಿಂದ ಹಳಿಯಾಳ, ದಾಂಡೇಲಿ, ಜೋಯಿಡಾಗಳ ಮೇಲೆ ಉಳವಿಗೆ ಹೋಗುವ ದಾರಿ ಕಾಡಿನಲ್ಲಿ ಸುತ್ತಿ ಸುತ್ತಿ ಹೋಗುತ್ತದೆ. ಮೇಲೆ ಭಾರವಿದ್ದಾಗ ಕಾರಿನ ಗುರುತ್ವಕೇಂದ್ರವು ಎತ್ತರಕ್ಕೇರುವುದರಿಂದ ತಿರುವುಗಳಲ್ಲಿ ವಾಲುವ ಸ್ವಭಾವ ಹೆಚ್ಚುತ್ತದೆ. ಪ್ರತಿಯೊಂದು ತಿರುವಿಗೂ ಮುಂಚೆಯೇ ವೇಗ ತಗ್ಗಿಸಬೇಕು. ಬಾಗಿದ ಕೊಂಬೆಗಳ ಮೇಲೆ ಕಣ್ಣಿರಬೇಕು. ಗದಗ, ಚಿತ್ರದುರ್ಗಗಳ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದ ಗಾಳಿ ಅಲ್ಲಿ ಪಕ್ಕದಿಂದ ಬೀಸಿ ಪೆಟ್ಟಿಗೆಯನ್ನು ನೂಕುತ್ತದೆ. ರೈಲುಹಳಿಯ ಕೆಳದಾರಿಗಳು, ವಸತಿಗೃಹಗಳ ನೆಲಮಾಳಿಗೆಯ ನಿಲುಗಡೆಗಳು ಇವುಗಳ ಎತ್ತರ ಎಲ್ಲೆಡೆ ಒಂದೇ ಇರದು. ಪೆಟ್ಟಿಗೆ ಕೂತ ಮೇಲೆ ಕಾರಿನ ಒಟ್ಟು ಎತ್ತರವನ್ನು ಟೇಪಿನಿಂದ ಅಳೆದು ಒಂದು ಚೀಟಿಯಲ್ಲಿ ಬರೆದು ಚಾಲಕನ ಎದುರಿಗೆ ಅಂಟಿಸುವುದು ಉತ್ತಮ. ಬಂಡೀಪುರದಂತಹ ಅರಣ್ಯಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ನಿಧಾನವಾಗಿ ಹೋಗುವವರು ಇಂತಹ ಗಡಿಗಳನ್ನು ಲೆಕ್ಕದಲ್ಲಿಟ್ಟು ಬೇಗನೆ ಹೊರಡಬೇಕು. ಹೊರಟ ಮೇಲೆ ಮೊದಲ 50 ಕಿಲೋಮೀಟರ್ ಆದೊಡನೆ ಒಮ್ಮೆ ಇಳಿದು ಪಟ್ಟಿ, ತಿರುಪು, ಬೀಗಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ಆಮೇಲೆ ಪ್ರತಿ ನಿಲುಗಡೆಯಲ್ಲಿಯೂ ಇದನ್ನು ಮಾಡುವುದು ರೂಢಿಯಾಗಬೇಕು.

ಇಷ್ಟು ಸಿದ್ಧತೆಯೊಡನೆ ನಾವು ಏಳು ಜನ ಕೂಡಲಸಂಗಮಕ್ಕೆ ಹೊರಟೆವು. ಅವ್ವನು ಕಿಟಕಿಯ ಪಕ್ಕದ ಮಧ್ಯದ ಆಸನದಲ್ಲಿ ಕಾಲು ಚಾಚಿ ಕುಳಿತಳು. ಹುಡುಗರಿಬ್ಬರು ಕೊನೆಯ ಸಾಲಿಗೆ ಹೋದರು. ದಾರಿಯುದ್ದಕ್ಕೂ ಆಕೆಯ ಮಾತು ನಿಲ್ಲಲಿಲ್ಲ. ಯಾವ ಊರಿನಲ್ಲಿ ಯಾವ ಬಾವಿಯ ನೀರು ಸಿಹಿ, ಯಾವ ಹಳ್ಳದ ದಂಡೆಯಲ್ಲಿ ಎತ್ತುಗಳ ಕೊರಳು ಬಿಡುತ್ತಿದ್ದರು, ಯಾವ ಮನೆತನದವರು ಯಾತ್ರಿಕರಿಗೆ ಮಜ್ಜಿಗೆ ಕೊಡುತ್ತಿದ್ದರು ಎಂಬುದೆಲ್ಲ ಹೊರಬಂದಿತು. ಹುಡುಗರು ಕೈಯಲ್ಲಿದ್ದ ಫೋನುಗಳನ್ನು ಕೆಳಗಿಟ್ಟು ಕೇಳಿದರು. ಆ ಹಿಂದಿನ ಪ್ರವಾಸಗಳಲ್ಲಿ ಇದೇ ಆಸನದ ಮೇಲೆ ಚೀಲಗಳು ಕೂತಿರುತ್ತಿದ್ದವು. ಚೀಲಗಳಿಗೆ ಹೇಳಲು ಕಥೆಗಳಿರಲಿಲ್ಲ. ಕೃಷ್ಣಾ ಮಲಪ್ರಭೆಯರು ಕೂಡುವ ಕ್ಷೇತ್ರದಲ್ಲಿ ಬಸವಣ್ಣನವರ ಐಕ್ಯಮಂಟಪಕ್ಕೆ ಮೆಟ್ಟಿಲುಗಳನ್ನು ಇಳಿದು ಹೋಗಬೇಕು. ಜಲಾಶಯದ ನೀರು ಏರಿದಾಗಲೂ ಮಂಟಪವು ಮುಳುಗದಂತೆ ಸುತ್ತಲೂ ಎತ್ತರದ ಗೋಡೆ ಕಟ್ಟಿ ಬಾವಿಯಂತೆ ಕಾಯ್ದುಕೊಂಡಿದ್ದಾರೆ. ಪೆಟ್ಟಿಗೆಯಿಂದ ಇಳಿಸಿದ ವಾಕರ್ ಹಿಡಿದು ಅವ್ವ ಮೆಟ್ಟಿಲಿನ ಬಾಯಿಯವರೆಗೆ ಬಂದಳು. ಅಲ್ಲಿಂದ ಮುಂದೆ ಮೊಮ್ಮಕ್ಕಳ ಹೆಗಲು ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು, ಇಳಿದೇ ಇಳಿದಳು. ಮೇಲೆ ಬಂದಾಗ ಆಕೆ ಬೆವರಿದ್ದಳು, ಆದರೆ ಮಾತನಾಡಲಿಲ್ಲ. ನಾವೂ ಮಾತನಾಡಿಸಲಿಲ್ಲ.

ಈ ಪೆಟ್ಟಿಗೆಯು ಇಂತಹ ಸತ್ಕಾರ್ಯಕ್ಕೆ ಒದಗಿತೆಂದು ಅದನ್ನು ಹೊಗಳಿ ನಿಲ್ಲಿಸಿದರೆ ಮಾತು ಅರ್ಧವಾಗುವುದು. ಉಪಕರಣಕ್ಕೆ ತನ್ನದೇ ಆದ ಹಸಿವೆಯೊಂದಿದೆ. ಎರಡನೆಯ ಸಲ ಹೊರಡುವ ಮಾತು ಬಂದಾಗ ಮನೆಯಲ್ಲಿ ಹೊಸ ಹೊಸ ಬೇಡಿಕೆಗಳು ಎದ್ದವು. ಹೇಗೂ ಪೆಟ್ಟಿಗೆಯಿದೆಯಲ್ಲ, ಇನ್ನೆರಡು ಜೊತೆ ಬಟ್ಟೆ ಇರಲಿ. ಹೇಗೂ ಪೆಟ್ಟಿಗೆಯಿದೆಯಲ್ಲ, ಗ್ಯಾಸಿನ ಒಲೆಯೂ ಇರಲಿ. ಅಜ್ಜಿಗೆ ಸ್ಥಳ ಮಾಡಲು ಬಂದ ಪೆಟ್ಟಿಗೆಯು ಆಸೆಗೆ ಸ್ಥಳ ಮಾಡತೊಡಗಿತು. ಆಗ ನಾವು ಒಂದು ನಿಯಮ ಮಾಡಿಕೊಂಡೆವು. ಹಿಂದಿರುಗಿ ಬಂದ ದಿನವೇ ಸಾಮಾನು ಇಳಿಸುವಾಗ, ಉಪಯೋಗಕ್ಕೆ ಬಾರದೆ ಹಾಗೆಯೇ ಮರಳಿದ ವಸ್ತುಗಳ ಪಟ್ಟಿ ಬರೆಯುವುದು. ಮುಂದಿನ ಸಲ ಅವನ್ನು ಮನೆಯಲ್ಲಿಯೇ ಬಿಡುವುದು. ಈ ಪಟ್ಟಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದ್ದೇವೆ. ಮೂರು ಪ್ರವಾಸಗಳಾಗುವಷ್ಟರಲ್ಲಿ ಸಾಮಾನಿನ ತೂಕ ಮೊದಲಿಗಿಂತ 14 ಕಿಲೋ ಇಳಿದಿದೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಬಲ್ಲ ವಾಚಕರಿಗೆ ಇದರಲ್ಲಿ ಹೊಸತೇನೂ ಕಾಣದು. ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು, ನಮಗೆ ಬೇಕಾದಷ್ಟೇ ಸಾಕೆಂದು ಹೆಚ್ಚಿನದನ್ನು ತಂದಲ್ಲಿಗೇ ಸುರಿದುಬರಲು ಕಳಿಸಿದಳು. ಆಕೆ ಅಕ್ಕಿಯನ್ನು ಬೇಡವೆನ್ನಲಿಲ್ಲ. ದಾಸೋಹಕ್ಕೆ ಅಕ್ಕಿ ಬೇಕೇ ಬೇಕು. ಅಳತೆ ಮೀರಿದುದನ್ನು ಮಾತ್ರ ಬೇಡವೆಂದಳು. ಬೇಕಾದುದಕ್ಕೂ ಹೆಚ್ಚಾದುದಕ್ಕೂ ನಡುವಣ ಗೆರೆಯನ್ನು ಕಣ್ಣಳತೆಯಲ್ಲಿ ಕಂಡುಹಿಡಿದ ಆ ತಾಯಿಯ ವಿವೇಕವು ಪೆಟ್ಟಿಗೆಯ ಮುಂದೆ ನಿಂತವರಿಗೂ ಬೇಕು. ಸಾಧನವನ್ನು ತ್ಯಜಿಸಬೇಕಾಗಿಲ್ಲ. ಯಾರ ಸಲುವಾಗಿ ಅದನ್ನು ತಂದೆವೋ ಅದನ್ನು ಮರೆಯದಿದ್ದರೆ ಸಾಕು.

ಇಂತಹ ಪೆಟ್ಟಿಗೆಗೆ ಹತ್ತಾರು ಸಾವಿರ ರೂಪಾಯಿ ಬೀಳುತ್ತದೆ. ವರ್ಷಕ್ಕೆ ಒಂದೆರಡು ಸಲ ಹೊರಡುವ ಕುಟುಂಬವು ಇದನ್ನು ಸ್ವಂತಕ್ಕೆ ಕೊಳ್ಳಲೇಬೇಕೆಂದು ನಾನು ಹೇಳಲಾರೆ. ಅಡ್ಡಪಟ್ಟಿಗಳು ಆಯಾ ಕಾರಿಗೆ ಹೊಂದುವಂತೆ ಬೇರೆ ಬೇರೆಯಾಗಿರಬೇಕಾಗುತ್ತದೆ. ಆದರೆ ಪೆಟ್ಟಿಗೆ ಹಲವು ಕಾರುಗಳಿಗೆ ಹೊಂದಿಕೊಳ್ಳುತ್ತದೆ. ನಾಲ್ಕು ಮನೆಗಳವರು ಕೂಡಿ ಒಂದನ್ನು ಕೊಂಡು ಒಬ್ಬರಾದ ಮೇಲೊಬ್ಬರು ಬಳಸಬಹುದು. ನಮ್ಮ ಓಣಿಯಲ್ಲಿ ಈಗ ಹಾಗೆಯೇ ನಡೆದಿದೆ. ತಮ್ಮನ ಮಗನ ಪೆಟ್ಟಿಗೆ ನಮ್ಮ ಮನೆಯ ಪಡಸಾಲೆಯ ಗೋಡೆಗೆ ತೂಗಿಕೊಂಡಿದೆ. ಬೇಕಾದವರು ಬಂದು ಒಯ್ಯುತ್ತಾರೆ. ಒಯ್ಯುವವರಿಗೆ ಒಂದೇ ಕರಾರು: ಆ ಮನೆಯ ಹಿರಿಯರೊಬ್ಬರು ಕಾರಿನಲ್ಲಿ ಕೂತಿರಬೇಕು. ತಮಾಷೆಗೆಂದು ಆಡಿದ ಮಾತು ಈಗ ನಿಯಮವಾಗಿ ನಿಂತಿದೆ.

12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿಯ ಕಿಚ್ಚೆದ್ದಾಗ ಶರಣರು ಚನ್ನಬಸವಣ್ಣನವರೊಡನೆ ಉಳವಿಯ ಕಾಡಿನತ್ತ ನಡೆದರೆಂದು ನಮ್ಮ ಪರಂಪರೆಯು ಹೇಳುತ್ತದೆ. ಬೆನ್ನಟ್ಟಿ ಬರುವವರಿದ್ದರು, ಹೊಳೆ ಕಾಡುಗಳಿದ್ದವು. ಅಂತಹ ಹೊತ್ತಿನಲ್ಲಿ ಮನುಷ್ಯನು ಏನನ್ನು ಹೊರುತ್ತಾನೆ? ಅವರು ವಚನದ ಕಟ್ಟುಗಳನ್ನು ಹೊತ್ತರು. ವೃದ್ಧರನ್ನೂ ಮಕ್ಕಳನ್ನೂ ನಡೆಸಿಕೊಂಡು ಹೋದರು. ಮನೆ, ಮಾಡ, ಭಂಡಾರಗಳನ್ನು ಹಿಂದೆ ಬಿಟ್ಟರು. ಅವರು ಆರಿಸಿಕೊಂಡುದು ಉಳಿದುದರಿಂದಲೇ ಇಂದು ನಮಗೆ ಓದಲು ಮಾತುಗಳಿವೆ, ಯಾತ್ರೆ ಹೋಗಲು ಉಳವಿಯಿದೆ.

ಪ್ರಿಯ ವಾಚಕರೇ, ಮುಂದಿನ ಸಲ ತಾವು ಯಾತ್ರೆಗೆ ಹೊರಡುವಾಗ ಮೊದಲು ಜನರನ್ನು ಎಣಿಸಿರಿ. ಆಮೇಲೆ ಸಾಮಾನನ್ನು ಎಣಿಸಿರಿ. ಸ್ಥಳ ಸಾಲದಿದ್ದರೆ ಸಾಮಾನನ್ನು ಕಡಿಮೆ ಮಾಡಿರಿ. ಕಡಿಮೆ ಮಾಡಿದ ಮೇಲೂ ಸಾಲದಿದ್ದರೆ ಮಿತಿಯರಿತು ಮೇಲಕ್ಕೇರಿಸಿರಿ. "ನಾ ಮನಿ ಕಾಯ್ತೀನಿ" ಎಂದು ಹಿರಿಯರೊಬ್ಬರು ನುಡಿದರೆ ಆ ಮಾತನ್ನು ಅಷ್ಟಕ್ಕೇ ಒಪ್ಪಿಕೊಳ್ಳದೆ, ಕಾರಿನ ಹಿಂದಿನ ಬಾಗಿಲು ತೆರೆದು ಅವರ ಜಾಗದಲ್ಲಿ ಏನು ಕೂತಿದೆಯೆಂಬುದನ್ನು ಒಮ್ಮೆ ನೋಡಿರಿ.